ಬಾಡಿಗೆ ಕಾಲಿನ ಎವರೆಸ್ಟ್

"ನಿಲ್ಲಬ್ಯಾಡ ಎರ್ರಮ್ಮ! ನೀ ನಿಂತ್ರ ವಾಚೂ ನಿಲ್ತೈತಿ."

ಚಂದ್ರಕಲಾ ಸೋಫಾದ ಮೇಲೆ ಕಾಲು ಮಡಚಿಕೊಂಡು ಕುಳಿತಿದ್ದರು. ಮುಂದಿನ ಟೀಪಾಯಿಯ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಟ್ಟೆ, ಅದರ ಪಕ್ಕದಲ್ಲಿ ಫೋನು. ಫೋನಿನಲ್ಲಿ ಒಂದು ಹಿಮದ ಪರ್ವತ. ಆ ಪರ್ವತದ ಮೈಮೇಲೆ ಚಂದ್ರಕಲಾ ಅವರ ಮುಖ ಅಂಟಿಸಿಕೊಂಡ ಒಂದು ಗೊಂಬೆ ಕೋಲು ಊರುತ್ತ ಹತ್ತುತ್ತಿತ್ತು. ನಿಜವಾಗಿ ಹತ್ತುತ್ತಿದ್ದವಳು ಮನೆಗೆಲಸದ ಎರ್ರಮ್ಮ. ಹಾಲಿನಿಂದ ಮಾಳಿಗೆಯವರೆಗಿನ ಮೆಟ್ಟಿಲನ್ನು ಸೀರೆ ಎತ್ತಿ ಕಟ್ಟಿಕೊಂಡು ಹತ್ತುತ್ತಿದ್ದಳು, ಇಳಿಯುತ್ತಿದ್ದಳು, ಮತ್ತೆ ಹತ್ತುತ್ತಿದ್ದಳು. ಅವಳ ಮಣಿಕಟ್ಟಿನಲ್ಲಿ ಚಂದ್ರಕಲಾ ಅವರ ಕಪ್ಪು ವಾಚಿತ್ತು.

"ಅಮ್ಮಾರ, ಅಡಿಗಿಮನ್ಯಾಗ ಪಾತ್ರಿ ಹಂಗ ಬಿದ್ದಾವ. ಗುಡ್ಡ ಹತ್ಲೋ, ಪಾತ್ರಿ ತಿಕ್ಲೋ? ಎರಡರಾಗ ಒಂದು ಹೇಳ್ರಿ."

"ಎರಡೂ ಮಾಡು. ನಿನ್ನ ಗಂಡಗ ಮಷೀನ್ ಬೇಕೋ ಬ್ಯಾಡೋ?"

ಎರ್ರಮ್ಮ ಹಲ್ಲು ಕಚ್ಚಿಕೊಂಡು ತಿರುಗಿ ಮೆಟ್ಟಿಲು ಹತ್ತಿದಳು. ಅವಳ ಗಂಡ ಹೊನ್ನೂರುಸ್ವಾಮಿ ಯಶವಂತನಗರದ ಕಡೆಯ ಗಣಿಯಲ್ಲಿ ವರ್ಷಗಟ್ಟಲೆ ಲಾರಿಗೆ ಅದಿರು ತುಂಬಿದವನು. ಕೆಂಪು ಧೂಳು ಬಟ್ಟೆಗೆ ಹತ್ತಿದ್ದರೆ ಒಗೆದು ತೆಗೆಯಬಹುದಿತ್ತು, ಅದು ಎದೆಯೊಳಗೆ ಹೋಗಿ ಕುಳಿತಿತ್ತು. ಈಗ ಮಲಗಿದರೆ ಉಸಿರು ಕಟ್ಟುತ್ತದೆ, ಕುಳಿತೇ ನಿದ್ದೆ ಮಾಡುತ್ತಾನೆ. ಮನೆಯಲ್ಲೊಂದು ಆಕ್ಸಿಜನ್ ಮಷೀನ್ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು, ಹೇಳಿದರು.

ಆ ಮಷೀನುಗಳನ್ನು ಕೊಡಿಸಲೆಂದೇ ಈ ಎವರೆಸ್ಟ್ ಶುರುವಾಗಿತ್ತು. ಹೊಸಪೇಟೆಯ ಮಹಿಳಾ ಬಳಗವೊಂದರ ಹುಡುಗಿ ಸ್ಫೂರ್ತಿ ಹೂಡಿದ ಉಪಾಯ ಅದು. ಸದಸ್ಯರು ತಮ್ಮ ತಮ್ಮ ಮನೆಯ ಮೆಟ್ಟಿಲನ್ನೇ ಹತ್ತಬೇಕು. ವಾಚು ಲೆಕ್ಕ ಇಟ್ಟು ಮನೆಯ ವೈಫೈ ಮೂಲಕ ಎಲ್ಲರ ಫೋನಿಗೆ ಕಳಿಸುತ್ತದೆ. ಎವರೆಸ್ಟಿನಷ್ಟು ಎತ್ತರ ಮುಟ್ಟಿದಾಗ ಬೆಂಬಲಿಗರು ತಾವು ಒಪ್ಪಿಕೊಂಡ ಹಣ ಕೊಡುತ್ತಾರೆ. ಅದರಿಂದ ಸಂಡೂರು ಗಣಿಗಳಲ್ಲಿ ಎದೆ ಕೆಡಿಸಿಕೊಂಡವರಿಗೆ ಮಷೀನ್. ಚಂದ್ರಕಲಾ ಅವರ ಗಂಡ ಸಿದ್ದಲಿಂಗೇಶ್ ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವವರು. ಅವರ ನೆಂಟರು, ವ್ಯಾಪಾರಿಗಳು ಹಣ ಕೊಡುತ್ತೇವೆಂದು ಮೇಲಿಂದ ಮೇಲೆ ಹೆಸರು ಬರೆಸಿದರು. ಮೊದಲ ಮಷೀನ್ ಎರ್ರಮ್ಮನ ಗಂಡನಿಗೇ ಎಂದು ಚಂದ್ರಕಲಾ ಎಲ್ಲರೆದುರು ಹೇಳಿದರು, ಫೋಟೋ ತೆಗೆಸಿಕೊಂಡರು. ನಾಲ್ಕು ದಿನ ತಾವೇ ಹತ್ತಿದರು ಕೂಡ. ಅದು ಸುಳ್ಳಲ್ಲ.

ಐದನೆಯ ದಿನ ಮೊಣಕಾಲು ಕೈ ಕೊಟ್ಟಿತು. ಬಿಟ್ಟೆನೆಂದರೆ ಮರ್ಯಾದೆ ಹೋಗುತ್ತದೆ. ಆಗ ಅವರಿಗೆ ಅತ್ತೆ ವಿರುಪಮ್ಮ ನೆನಪಾದರು. ವಿರುಪಮ್ಮ ಹಂಪಿಯ ಮಾತಂಗ ಗುಡ್ಡ ಹತ್ತಿ ವೀರಭದ್ರನಿಗೆ ಕಾಯಿ ಒಡೆಸುವ ಹರಕೆ ಹೊತ್ತಿದ್ದರು. ಕಾಲು ನಡೆಯದಾದಾಗ ಹೊಲದ ಕೆಲಸದ ಹೆಂಗಸೊಬ್ಬಳ ಕೈಗೆ ಅರಿಶಿನದ ಕೊಂಬು ಕಟ್ಟಿ ತಮ್ಮ ಬದಲು ಹತ್ತಿಸಿದ್ದರು. ಹೊತ್ತವರಿಗೆ ಪುಣ್ಯ, ಹತ್ತಿದವಳಿಗೆ ಸೀರೆ. ಮನೆತನದಲ್ಲಿ ಅದಕ್ಕೆ ಯಾರೂ ತಪ್ಪು ಅಂದಿರಲಿಲ್ಲ. ಅತ್ತೆ ಕೊಂಬು ಕಟ್ಟಿದಂತೆಯೇ ಸೊಸೆ ಎರ್ರಮ್ಮನ ಕೈಗೆ ವಾಚು ಕಟ್ಟಿದರು. ಒಂದು ವ್ಯತ್ಯಾಸವಿತ್ತು. ಅತ್ತೆ ಅದನ್ನು ಗುಡ್ಡದ ಬುಡದಲ್ಲಿ ಹತ್ತು ಜನರ ಕಣ್ಣೆದುರು ಕಟ್ಟಿದ್ದರು. ಸೊಸೆ ಬಾಗಿಲು ಮುಂದೆ ಮಾಡಿಕೊಂಡು ಕಟ್ಟಿದರು. ತಪ್ಪೇ ಇಲ್ಲದ ಕೆಲಸಕ್ಕೆ ಬಾಗಿಲು ಯಾಕೆ ಮುಂದೆ ಮಾಡಬೇಕು? ಆ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ.

ದಿನಗಳು ಹೋದಂತೆ ಅವರ ದನಿ ಜೋರಾಯಿತು. ಗೊಂಬೆ ಮೇಲೇರಿದಷ್ಟೂ ಬಳಗದ ಫೋನ್ ಗುಂಪಿನಲ್ಲಿ ಹೊಗಳಿಕೆ ಬರುತ್ತಿತ್ತು. 'ಈ ವಯಸ್ಸಿನಾಗ ಎಂಥಾ ಛಲ ಆಂಟಿ!' ಎಂದು ಹುಡುಗಿಯರು ಬರೆಯುತ್ತಿದ್ದರು. ಚಂದ್ರಕಲಾ ಅದನ್ನು ಗಂಡನಿಗೆ ಓದಿ ಹೇಳುತ್ತಿದ್ದರು. ಓದಿ ಓದಿ ಅವರಿಗೇ ಒಂದಿಷ್ಟು ನಂಬಿಕೆ ಬಂದುಬಿಟ್ಟಿತ್ತೋ ಏನೋ! ಎರ್ರಮ್ಮ ಒಂದು ಗಳಿಗೆ ಮೆಟ್ಟಿಲ ಮೇಲೆ ಕುಳಿತರೆ ಅವರ ಸಿಟ್ಟು ನೆತ್ತಿಗೇರುತ್ತಿತ್ತು.

"ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ" ಎಂದು ಎರ್ರಮ್ಮ ಗೊಣಗುತ್ತಿದ್ದಳು.

"ಏನಂದಿ?"

"ಏನಿಲ್ರಿ. ಗುಡ್ಡ ಭಾಳ ಎತ್ತರ ಐತಿ ಅಂದೆ."

ಹೀಗಿರುವಾಗ ಕಂಪ್ಲಿಯಲ್ಲಿ ನೆಂಟರ ಮದುವೆ ಬಂತು. ಚಂದ್ರಕಲಾ ಬೆಳಿಗ್ಗೆಯೇ ಕಾರು ಹತ್ತಿದರು. ಹೋಗುವಾಗ, "ನಾ ಬರೋದ್ರೊಳಗ ಆ ಡೇರೆ ಕಾಣ್ತೈತಲ್ಲ ಫೋನಿನ್ಯಾಗ, ಅಲ್ಲಿಗೆ ಮುಟ್ಟಿರಬೇಕು" ಎಂದು ಎರ್ರಮ್ಮನಿಗೆ ಅಪ್ಪಣೆ ಮಾಡಿದರು. ಗೊಂಬೆಯನ್ನು ತಾವೊಬ್ಬರೇ ಅಲ್ಲ, ಬಳಗದವರೆಲ್ಲ ನೋಡುತ್ತಿರುತ್ತಾರೆ ಎಂಬುದು ಆ ಗಡಿಬಿಡಿಯಲ್ಲಿ ಅವರ ತಲೆಗೆ ಹೊಳೆಯಲೇ ಇಲ್ಲ.

ಊಟದ ಪಂಕ್ತಿಯಲ್ಲಿ ಅವರ ಪಕ್ಕಕ್ಕೆ ನೆಗೆಣ್ಣಿ ರೇಣುಕಮ್ಮ ಕುಳಿತಿದ್ದಳು, ಅವಳೂ ಬಳಗದವಳೇ. ಇಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದಾಗ ರೇಣುಕಮ್ಮ ಫೋನು ತೆಗೆದು ನೋಡಿದಳು. ಹುಬ್ಬು ಮೇಲೆ ಹೋಯಿತು.

"ಅಕ್ಕಾ, ನೀವು ಇಲ್ಲಿ ಹೋಳಿಗಿ ತಿನ್ನಾಕ ಹತ್ತೀರಿ. ಅಲ್ಲಿ ನಿಮ್ಮ ಗೊಂಬಿ ಗುಡ್ಡ ಹತ್ತಾಕತ್ತೈತಿ!"

ಎದುರು ಸಾಲಿನವರು ಕೈ ತಡೆದು ನೋಡಿದರು. ಫೋನು ಕೈಯಿಂದ ಕೈಗೆ ಹೋಯಿತು. ಯಾರೋ ಕಿಸಕ್ಕನೆ ನಕ್ಕರು.

"ಯಾರದೋ ದುಡ್ಡು ಯಲ್ಲಮ್ಮನ ಜಾತ್ರಿ ಅಂತಾರ. ಇದು ಯಾರದೋ ಕಾಲು!" ಎಂದಳು ರೇಣುಕಮ್ಮ, ಮೂರು ಪಂಕ್ತಿಗೆ ಕೇಳುವಂತೆ. "ಹೇಳ್ರಿ ಅಕ್ಕಾ, ಯಾರು ಹತ್ತಾಕತ್ತಾರ?"

ಆಗ ನಿಜ ಹೇಳಿಬಿಟ್ಟಿದ್ದರೆ ಸ್ವಲ್ಪ ನಗೆಪಾಟಲಾಗಿ ಮುಗಿದುಹೋಗುತ್ತಿತ್ತು. ಚಂದ್ರಕಲಾ ಅವರ ಬಾಯಿಗೆ ಬಂದದ್ದು ಬೇರೆ.

"ವಾಚ್ ಮನ್ಯಾಗ ಬಿಟ್ಟು ಬಂದಿದ್ದೆ. ಆ ಎರ್ರಮ್ಮ ಹಾಕ್ಕೊಂಡಿರಬೇಕು. ಹೇಳದ ಕೇಳದ ತಗೊಂಡಾಳ."

"ಕದ್ದಾಳ ಅನ್ರಿ ಮತ್ತ!"

ಚಂದ್ರಕಲಾ ಹೌದು ಅನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ತಲೆ ಬಗ್ಗಿಸಿ ಹೋಳಿಗೆ ಮುರಿದರು. ನಾಚಿಕೆಗೇಡು! ಆ ಮೌನವೇ ಸಾಕಾಯಿತು. ಕೈ ತೊಳೆಯುವ ಹೊತ್ತಿಗೆ ಮಾತು ಮಂಟಪದ ತುಂಬ ಹರಡಿತ್ತು. ಹೊರಗೆ ಕಾರಿನ ಬಳಿ ನಿಂತಿದ್ದ ಡ್ರೈವರ್ ಪಾಲಪ್ಪನ ಕಿವಿಗೂ ಬಿತ್ತು. ಪಾಲಪ್ಪನ ಮನೆ ಎರ್ರಮ್ಮನ ಓಣಿಯಲ್ಲೇ ಇತ್ತು.

ಸಂಜೆ ಸ್ಫೂರ್ತಿಯ ಫೋನು ಬಂತು. "ಆಂಟಿ, ಬಳಗದಾಗ ಭಾಳ ಗದ್ದಲ ಆಗೇತ್ರಿ. ವಾಚ್ ಕದ್ದವ್ರ ಮನಿಗೆ ಮಷೀನ್ ಕೊಡಬ್ಯಾಡ ಅಂತ ಹಟ ಹಿಡಿದಾರ. ಹೊನ್ನೂರುಸ್ವಾಮಿ ಹೆಸರು ತೆಗೀಬೇಕಾಗ್ತೈತಿ. ನೀವೇನಂತೀರಿ?"

"ನೋಡೋಣ" ಎಂದರು ಚಂದ್ರಕಲಾ.

ಮರುದಿನ ಎರ್ರಮ್ಮ ಹಿಂಬಾಗಿಲಿನಿಂದ ಬರಲಿಲ್ಲ, ಮುಂಬಾಗಿಲಿನಿಂದ ಬಂದಳು. ಚಪ್ಪಲಿ ಬಿಟ್ಟಳು, ಹಾಲಿನ ನಡುವೆ ನಿಂತಳು, ಮಣಿಕಟ್ಟಿನ ವಾಚು ಬಿಚ್ಚಿ ಟೀಪಾಯಿಯ ಮೇಲೆ ಇಟ್ಟಳು. ಸಿದ್ದಲಿಂಗೇಶ್ ಪೇಪರ್ ಓದುತ್ತಿದ್ದವರು ತಲೆ ಎತ್ತಿದರು.

"ಎಷ್ಟು ಧೈರ್ಯ ಇದ್ರ ಮತ್ತ ಈ ಮನಿ ಹೊಸ್ತಿಲು ತುಳಿತಿ?"

"ಸಾವ್ಕಾರ್ರ, ನಿಮ್ಮ ಜೋಡಿ ಮಾತಿಲ್ಲ ನನಗ. ಅಮ್ಮಾರ ಜೋಡಿ ಐತಿ." ಎರ್ರಮ್ಮ ಚಂದ್ರಕಲಾ ಅವರ ಕಡೆ ತಿರುಗಿದಳು. "ವಾಚ್ ನಾ ಕದ್ದೆನ್ರೀ?"

ಚಂದ್ರಕಲಾ ಸೆರಗಿನ ಅಂಚು ತಿರುವಿದರು. "ಅಲ್ಲೇ ನೂರಾರು ಮಂದಿ ಇದ್ರು. ಏನು ಹೇಳಬೇಕಿತ್ತು ನಾನು? ಕಂಪ್ಲಿಯಾಗ ನಮ್ಮ ಮನೆತನದ ಹೆಸರು ಐತಿ."

"ನಮಗೂ ಒಂದು ಓಣಿ ಐತ್ರಿ. ನಿಮ್ಮ ಡ್ರೈವರ್ ರಾತ್ರಿನ ಬಂದು ಹೇಳಿ ಹೋದ. ನನ್ನ ಗಂಡ, ಉಸಿರು ತಗೊಳ್ಳಾಕ ಆಗಲ್ಲ ಅವಗ, ಆದ್ರೂ ಎದ್ದು ನಿಂತು ಕೇಳಿದ, 'ಕದ್ಯಾ?' ಅಂತ. ಅಷ್ಟು ವರ್ಷ ಸಂಸಾರ ಮಾಡಿ ಅದನ್ನ ಕೇಳಿದ. ನಾ ಉತ್ತರ ಕೊಡಲಿಲ್ಲ. ಹಲ್ಲು ಕಚ್ಚಿ ಸುಮ್ಮನ ಕುಂತೆ. ಆ ಉತ್ತರ ನೀವು ಕೊಡಬೇಕು."

"ನಿನ್ನ ಸಲುವಾಗೇ ಅಲ್ಲೇನು ಇದೆಲ್ಲ ಮಾಡಿದ್ದು? ನಿನ್ನ ಗಂಡನ ಸಲುವಾಗಿ!" ಚಂದ್ರಕಲಾ ಅವರ ದನಿ ಏರಿತು. "ನಾ ಹೆಸರು ಹೇಳದಿದ್ರ ಯಾರು ಕೊಡ್ತಿದ್ರು ನಿಮಗ? ನಿನ್ನ ಮುಖ ನೋಡಿ ಕಂಪ್ಲಿ ಮಂದಿ ರೊಕ್ಕ ಬಿಚ್ಚತಿದ್ರೇನು?"

"ಅದು ಖರೆ. ನನ್ನ ಮುಖಕ್ಕ ಯಾರೂ ಬಿಚ್ಚಂಗಿಲ್ಲ. ಮುಖ ನಿಮ್ಮದು, ಕಾಲು ನಂದು. ಹಂಗಂತ ಒಪ್ಪಿಕೊಂಡೇ ಹತ್ತಿದೆ, ಒಂದು ದಿನ ಬಾಯಿ ಬಿಡಲಿಲ್ಲ. ಆದ್ರ ಕಳ್ಳತನ ಒಪ್ಪಿಕೊಂಡಿರಲಿಲ್ರಿ ನಾನು. ದಾನ ಮಾಡೋರು ಕೊರಳಿಗೆ ಹಗ್ಗ ಹಾಕಿ ಎಳೀತಾರೇನು?"

"ಸಾಕು, ನಡಿ ಆಚೆಗೆ" ಎಂದರು ಸಿದ್ದಲಿಂಗೇಶ್. "ಇನ್ನೊಂದು ಮಾತಾಡಿದ್ರ ಪೊಲೀಸ್ನೋರಿಗೆ ಫೋನ್ ಮಾಡ್ತೀನಿ."

"ಮಾಡ್ರಿ. ಅವರೆದುರಿಗೂ ಇದನ್ನ ಹೇಳ್ತೀನಿ." ಎರ್ರಮ್ಮ ಬಾಗಿಲ ತನಕ ಹೋಗಿ ತಿರುಗಿದಳು. "ಅಮ್ಮಾರ, ನಾ ನಿಮ್ಮ ಕೆಲಸಕ್ಕ ಬರಂಗಿಲ್ಲ. ನೀವು ಮಾತ್ರ ನಮ್ಮ ಓಣಿಗೆ ಬಂದು ಹೇಳಬೇಕು. ಇಲ್ಲಾಂದ್ರ ನನ್ನ ಗಂಡ ಸಾಯೋದು ಉಸಿರು ಕಟ್ಟಿ ಅಲ್ಲ, ಹೆಂಡ್ತಿ ಕಳ್ಳಿ ಅಂತ ತಿಳಕೊಂಡು ಸಾಯ್ತಾನ."

ಅವಳು ಹೋದ ಮೇಲೆ ಸಿದ್ದಲಿಂಗೇಶ್ ಮಿಲ್ಲಿಗೆ ಹೊರಟರು. ಹೊರಡುವಾಗ, "ಈಗ ನೀನ ಹತ್ತಿ ಮುಗಿಸು. ಮಂದಿ ಬಾಯಿ ಮುಚ್ಚತೈತಿ" ಎಂದು ಹೇಳಿ ಹೋದರು. ಅವರಿಗೆ ಅದು ಅಷ್ಟೇ ಸರಳವಾಗಿತ್ತು.

ಚಂದ್ರಕಲಾ ವಾಚು ಕಟ್ಟಿಕೊಂಡರು. ಅದರ ಪಟ್ಟಿ ಎರ್ರಮ್ಮನ ತೆಳ್ಳನೆಯ ಕೈಗೆ ತಕ್ಕಂತೆ ಒಳಗಿನ ತೂತಿಗೆ ಸರಿದಿತ್ತು, ಬಿಚ್ಚಿ ಮತ್ತೆ ಹೊಂದಿಸಬೇಕಾಯಿತು. ಮೆಟ್ಟಿಲು ಹತ್ತತೊಡಗಿದರು. ಮೊದಲ ಸಲ ಹತ್ತಿ ಇಳಿದಾಗ ಸಿಟ್ಟಿನ ಬಲವಿತ್ತು. ಎರಡನೆಯ ಸಲ ಮೊಣಕಾಲಿನೊಳಗೆ ಸೂಜಿ ಆಡಿಸಿದಂತಾಯಿತು. ಮತ್ತೊಮ್ಮೆ ಹತ್ತುವಾಗ ತಿರುವಿನಲ್ಲಿ ತಲೆ ಗಿರ್ರೆಂದು ತಿರುಗಿ, ಗೋಡೆಗೆ ಕೈ ಊರಿದರು. ಊರಿದ ಕಡೆ ನೋಡಿದರೆ ಬಿಳಿಯ ಗೋಡೆಯ ಮೇಲೆ ಒಂದು ಕೈಯ ಕಲೆ. ಅಂಗೈ, ಐದು ಬೆರಳು, ಎಲ್ಲವೂ ಗುರುತು ಹಿಡಿಯುವಂತೆ ಮೂಡಿದ್ದವು. ಎರ್ರಮ್ಮ ಪ್ರತಿ ಸಲ ಅಲ್ಲೇ ಕೈ ಊರಿ ಉಸಿರು ತೆಗೆದುಕೊಂಡಿದ್ದಳು. ಕೆಳಗೆ ಸೋಫಾದಲ್ಲಿ ಕುಳಿತವರಿಗೆ ಆ ತಿರುವು ಕಾಣುವುದಿಲ್ಲ. ಅಲ್ಲಿ ಅವಳು ಹೇಗೆ ಏದುಸಿರು ಬಿಡುತ್ತಿದ್ದಳೆಂದು ಚಂದ್ರಕಲಾ ಒಂದು ದಿನವೂ ಎದ್ದು ಬಂದು ನೋಡಿರಲಿಲ್ಲ.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಎಷ್ಟು ಹೊತ್ತಾದರೂ ಏಳಲಾಗಲಿಲ್ಲ. ಕಾಲು ನೋಯುತ್ತಿತ್ತು, ಆದರೆ ಏಳದಂತೆ ಮಾಡಿದ್ದು ಕಾಲಲ್ಲ. ನನ್ನ ಹೆಸರು ಉಳಿಸಿಕೊಳ್ಳಲು ಒಬ್ಬ ಹೆಂಗಸಿನ ಹೆಸರು ಕೊಂದೆನಲ್ಲ, ಅದೂ ಹೋಳಿಗೆ ತಿನ್ನುತ್ತ ಕೊಂದೆನಲ್ಲ ಎಂದು ಅವರಿಗೆ ಅಳು ಬಂತು. ಅತ್ತರು. ಆಮೇಲೆ ಫೋನು ತೆಗೆದು ಬಳಗಕ್ಕೆ ತಮ್ಮ ದನಿಯಲ್ಲೇ ಹೇಳಿ ಕಳಿಸಿದರು.

"ನಾನು ಚಂದ್ರಕಲಾ ಮಾತಾಡ್ತಿರೋದು. ಐದನೇ ದಿನದಿಂದ ಹತ್ತಿದಾಕಿ ಎರ್ರಮ್ಮ. ವಾಚ್ ಆಕಿ ಕದ್ದಿಲ್ಲ, ನಾನ ಕಟ್ಟೀನಿ. ಮದುವ್ಯಾಗ ನಾ ಹೇಳಿದ್ದು ಸುಳ್ಳು."

ಮೊದಲು ಉತ್ತರ ಬಂದದ್ದು ರೇಣುಕಮ್ಮನಿಂದ. "ಮಾಡೋದು ಅನಾಚಾರ, ಮನಿ ಮುಂದ ಬೃಂದಾವನ! ನಾನಂತೂ ಒಂದು ಪೈಸಾ ಕೊಡಂಗಿಲ್ಲ." ಅವಳ ಹಿಂದೆ ಇನ್ನೂ ಕೆಲವರು ಹಾಗೇ ಬರೆದರು. ಕೆಲಸದಾಕಿ ಹತ್ತಿದ್ದಕ್ಕೆ ನಾವೇಕೆ ಕೊಡಬೇಕು ಎಂದು ಒಬ್ಬರು ಕೇಳಿದರು. ಚಂದ್ರಕಲಾ ಮತ್ತೆ ದನಿ ಕಳಿಸಿದರು.

"ನನಗ ಎಷ್ಟು ಬೇಕಾದ್ರೂ ಬೈರಿ. ಆದ್ರ ಗುಡ್ಡ ಹತ್ತಿದ್ದು ಖರೆ. ನಾ ಹತ್ತಿದ್ರ ಕೊಡ್ತಿದ್ರಿ, ಎರ್ರಮ್ಮ ಹತ್ತಿದ್ರ ಕೊಡಂಗಿಲ್ಲ ಅಂದ್ರ ನೀವು ಕೊಡಾಕ ಹೊಂಟಿದ್ದು ಯಾರಿಗೆ? ಹೊನ್ನೂರುಸ್ವಾಮಿಗೋ, ನನಗೋ?"

ಸಂಜೆಯ ಹೊತ್ತಿಗೆ ಸ್ಫೂರ್ತಿ ಫೋನು ಮಾಡಿದಳು. ಕೆಲವರು ಹಿಂದೆ ಸರಿದಿದ್ದರು, ಬಹುಪಾಲು ಜನ ಕೊಡುತ್ತೇವೆಂದಿದ್ದರು. "ಆದ್ರ ಆಂಟಿ, ತುದಿ ಮುಟ್ಟಾಕ ಇನ್ನೂ ಸ್ವಲ್ಪ ಉಳಿದೈತ್ರಿ. ಯಾರು ಹತ್ತತಾರ?"

"ನಾನ ಹತ್ತತೀನವ್ವ. ತಡ ಆಗ್ತೈತಿ, ಆದ್ರ ಹತ್ತತೀನಿ. ಆ ಗೊಂಬಿ ಮುಖ ಮಾತ್ರ ಬದಲಿ ಮಾಡು. ಎರ್ರಮ್ಮಂದು ಹಾಕು."

ಸಿದ್ದಲಿಂಗೇಶ್ ಕೂಗಾಡಿದರು. ಮಿಲ್ಲಿನಲ್ಲಿ ಹಮಾಲರೂ ನಗುತ್ತಾರೆ, ಮಾರ್ಕೆಟ್ಟಿನಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ, ಹೆಂಡತಿಗೆ ಬುದ್ಧಿ ಕೆಟ್ಟಿದೆ ಎಂದರು. ಚಂದ್ರಕಲಾ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆ ಹಿಡಿದು ಹತ್ತಿದರು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಗಂಡ ಅವರನ್ನು ದಾಟಿಕೊಂಡು ಮೇಲಿನ ಕೋಣೆಗೆ ಹೋಗುತ್ತಿದ್ದರೇ ವಿನಾ ಮಾತಾಡುತ್ತಿರಲಿಲ್ಲ. ಗೊಂಬೆ ಕೊನೆಗೂ ತುದಿಗೆ ಹೋಗಿ ಬಾವುಟ ನೆಟ್ಟಾಗ ಮನೆಯಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ.

ಮಷೀನ್ ಬಂದ ದಿನ ಸ್ಫೂರ್ತಿಯ ಜೊತೆ ಚಂದ್ರಕಲಾ ಕೂಡ ಆಟೋ ಹತ್ತಿದರು. ಕಾಲುವೆಯ ಬದಿಯ ಆ ಓಣಿಗೆ ಅವರು ಹಿಂದೆಂದೂ ಬಂದವರಲ್ಲ. ಎರ್ರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳು ಬೇರೆ ಮನೆಯಲ್ಲಿ ಕೆಲಸ ಹಿಡಿದಿದ್ದಳು.

"ಬರ್ರಿ" ಎಂದಳು. ಮುಖದಲ್ಲಿ ನಗುವಿರಲಿಲ್ಲ. ಕುಂದ್ರಿ ಎಂದೂ ಅನ್ನಲಿಲ್ಲ.

ಒಳಗೆ ಹೊನ್ನೂರುಸ್ವಾಮಿ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ. ಎಲುಬಿನ ಮೇಲೆ ಅಂಗಿ ತೂಗುಹಾಕಿದ ಹಾಗಿದ್ದ. ಸ್ಫೂರ್ತಿ ಮಷೀನಿನ ವೈರು ಸಿಕ್ಕಿಸಿ, ಕೊಳವೆಯನ್ನು ಅವನ ಮೂಗಿಗೆ ಹಾಕಿದಳು. ಮಷೀನ್ ಗುರ್ರೆಂದಿತು. ಬಾಗಿಲಲ್ಲಿ ಓಣಿಯವರು ಇಣುಕಿದರು. ಅವರ ನಡುವೆ ಪಾಲಪ್ಪನೂ ಇದ್ದ. ಸ್ವಲ್ಪ ಹೊತ್ತಿನಲ್ಲಿ ಹೊನ್ನೂರುಸ್ವಾಮಿಯ ಉಸಿರು ಹತೋಟಿಗೆ ಬಂತು. ಅವನು ಎರಡೂ ಕೈ ಜೋಡಿಸಿದ.

"ಅಮ್ಮಾರ, ನಿಮ್ಮದು ದೊಡ್ಡ ಮನಸು. ನಮ್ಮಾಕಿ ನಿಮ್ಮ ವಾಚ್ ಮುಟ್ಟಿ ತಪ್ಪು ಮಾಡಿದ್ರೂ, ನೀವು ಗುಡ್ಡ ಹತ್ತಿ ಈ ಬಡವಗ ಉಸಿರು ಕೊಡಿಸಿದ್ರಿ. ಆಕಿನ ಕ್ಷಮಿಸಿಬಿಡ್ರಿ."

ಚಂದ್ರಕಲಾ ಬಳಗದಲ್ಲಿ ನಿಜ ಹೇಳಿ ಮುಗಿಸಿದೆನೆಂದು ತಿಳಿದಿದ್ದರು. ಆದರೆ ಈ ಓಣಿಯವರು ಯಾರೂ ಆ ಬಳಗದಲ್ಲಿರಲಿಲ್ಲ. ಸುಳ್ಳು ನಡೆದುಕೊಂಡು ಬಂದು ಇಲ್ಲಿ ಮನೆಮನೆ ಸೇರಿತ್ತು, ನಿಜ ಫೋನಿನಲ್ಲೇ ಉಳಿದಿತ್ತು. ಎರ್ರಮ್ಮ ಗೋಡೆಗೆ ಒರಗಿ ಅವರನ್ನೇ ನೋಡುತ್ತಿದ್ದಳು. ಇದನ್ನೂ ನುಂಗಿಕೊಂಡು ಹೋಗ್ತೀರೇನು, ನೋಡೋಣ ಎನ್ನುವಂಥ ನೋಟ ಅದು. ಕೈ ಮುಗಿದರೆ ಸಾಕಿತ್ತು, ಎಲ್ಲರೂ ಹೊಗಳಿ ಕಳಿಸುತ್ತಿದ್ದರು.

ಚಂದ್ರಕಲಾ ಬಾಗಿಲಿನ ಕಡೆ ತಿರುಗಿದರು, ಹೊರಗಿನವರಿಗೂ ಕೇಳಲೆಂದು.

"ಆಕಿ ವಾಚ್ ಕದ್ದಿಲ್ಲ. ನಾನ ಆಕಿ ಕೈಗೆ ಕಟ್ಟಿದ್ದೆ. ಗುಡ್ಡ ಹತ್ತಿದಾಕಿ ಎರ್ರಮ್ಮ, ಸೋಫಾದ ಮ್ಯಾಲ ಕುಂತಾಕಿ ನಾನು. ಸಿಕ್ಕಿಬಿದ್ದಾಗ ಆಕಿ ಮ್ಯಾಲ ಸುಳ್ಳು ಹೊರಿಸಿದಾಕೀನೂ ನಾನ. ಪಾಲಪ್ಪ, ಅದನ್ನ ತಂದು ಹೇಳಿದವ ನೀನು, ಇದನ್ನೂ ಹೇಳು." ಆಮೇಲೆ ಎರ್ರಮ್ಮನ ಎದುರು ಬಂದು, "ತಪ್ಪಾತು" ಎಂದರು.

ಎರ್ರಮ್ಮ ಆಗಲಿ ಎನ್ನಲಿಲ್ಲ.

ಹೊನ್ನೂರುಸ್ವಾಮಿ ಮೂಗಿನ ಕೊಳವೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಹೆಂಡತಿಯ ಕಾಲನ್ನು ನೋಡಿದ, ಮುಖವನ್ನು ನೋಡಿದ.

"ಎರ್ರೀ... ನನ್ನ ಸಲುವಾಗಿ ಹತ್ತಿದ್ಯೇನು? ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಕದ್ಯಾ ಅಂತ ಕೇಳಿದಿ. ಹತ್ತಿದ್ಯಾ ಅಂತ ಕೇಳಲಿಲ್ಲ."

ಅವನು ಏನೋ ಹೇಳಲು ಹೋದ. ಕೆಮ್ಮು ಒತ್ತರಿಸಿ ಬಂತು, ಕಣ್ಣಲ್ಲಿ ನೀರು ಸುರಿಯಿತು. ಎರ್ರಮ್ಮ ಗೋಡೆ ಬಿಟ್ಟು ದಡದಡ ಬಂದು ಅವನ ಕೈಯೊಳಗಿನ ಕೊಳವೆಯನ್ನು ಕಿತ್ತುಕೊಂಡು ಮತ್ತೆ ಮೂಗಿಗೆ ಸಿಕ್ಕಿಸಿದಳು.

"ಮೊದ್ಲು ಉಸಿರಾಡು" ಎಂದಳು ಗದರಿಸಿ. "ನಿನ್ನ ಜೋಡಿ ಜಗಳ ಆಮ್ಯಾಲ ಐತಿ."